ಜ್ವರ ಬಿಟ್ಟ ದಿನವೇ ಕಾಯಬೇಕಾದ ದಿನ: ಪ್ರಯಾಣ ಮುಗಿಸಿ ಬಂದವರ ಡೆಂಗಿ, ನನ್ನ ಅನುಭವ

ಜ್ವರ ಅಂತ ಯಾರೇ ಬಂದರೂ ನಾನು ಮೊದಲು ಗೋಡೆಯ ಕ್ಯಾಲೆಂಡರ್ ಕಡೆ ಕೈ ತೋರಿಸುತ್ತೇನೆ. ಊರು ಬಿಟ್ಟಿದ್ದು ಯಾವತ್ತು, ವಾಪಸ್ ಬಂದಿದ್ದು ಯಾವತ್ತು, ಮೈ ಬಿಸಿಯಾಗಿದ್ದು ಯಾವತ್ತು? ಈ ಮೂರು ತಾರೀಕು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ನಮ್ಮ ಕಡೆ ಜನ ತಾರೀಕು ಹೇಳುವುದು ಕಡಿಮೆ. ‘ಅಮಾವಾಸ್ಯೆ ಆದ ಮಾರನೇ ದಿನ’, ‘ಸಂತೆ ದಿನ ರಾತ್ರಿ’, ‘ರೇಷ್ಮೆಗೂಡು ಮಾರಿ ಬಂದ ದಿನ’ ಅಂತಾರೆ. ಅದೂ ಸಾಕು. ಜೊತೆಗೆ ಕೂತು ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿದರೆ ತಾರೀಕು ಸಿಕ್ಕೇ ಸಿಗುತ್ತದೆ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಸಣ್ಣದೊಂದು ಆಸ್ಪತ್ರೆ ನಡೆಸುವ ವೈದ್ಯ. ಪ್ರಯಾಣ ಅಂದ ಕೂಡಲೇ ವಿಮಾನ, ಪಾಸ್‌ಪೋರ್ಟ್ ನೆನಪಾಗುತ್ತದೆ ಅಲ್ವಾ? ಅಂಥವರೂ ಬರುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗರು ಬ್ಯಾಂಕಾಕ್, ಬಾಲಿ ಅಂತ ಟೂರ್ ಹೋಗಿ, ಜ್ವರ ಬಂದ ಮೇಲೆ ಅಮ್ಮನ ಮನೆಗೆ ಬರುತ್ತಾರೆ. ಗಲ್ಫ್‌ನಿಂದ ರಜಕ್ಕೆ ಬಂದವರಿರುತ್ತಾರೆ. ಆದರೆ ಜಾಸ್ತಿ ಜನ ಇಲ್ಲೇ ದೇಶದೊಳಗೆ ತಿರುಗಾಡಿದವರು. ರೇಷ್ಮೆ ವ್ಯಾಪಾರಕ್ಕೆ ಕಂಚಿ, ಧರ್ಮಾವರ, ವಾರಾಣಸಿ ಕಡೆ ಹೋಗಿ ಬಂದವರು. ಡಿಸೆಂಬರ್, ಜನವರಿಯಲ್ಲಿ ಕೆಂಪು ಸೀರೆ ಉಟ್ಟು ಮೇಲ್ಮರುವತ್ತೂರಿನ ಓಂ ಶಕ್ತಿ ದೇವಸ್ಥಾನಕ್ಕೆ ಬಸ್ಸು ಮಾಡಿಕೊಂಡು ಹೋಗುವ ಹೆಂಗಸರು. ಮಾಲೆ ಹಾಕಿ ಶಬರಿಮಲೆಗೆ ಹೋದವರು. ದಿನಾ ಬೆಂಗಳೂರಿಗೆ ಹೋಗಿ ಬರುವವರನ್ನೂ ನಾನು ಈ ಲೆಕ್ಕಕ್ಕೇ ಸೇರಿಸುತ್ತೇನೆ. ಅವರನ್ನು ‘ಎಲ್ಲಿಗಾದ್ರೂ ಹೋಗಿದ್ರಾ?’ ಅಂತ ಕೇಳಿದರೆ ‘ಎಲ್ಲೂ ಇಲ್ಲ’ ಅಂತಲೇ ಹೇಳುತ್ತಾರೆ. ಕೆಲಸಕ್ಕೆ ಹೋಗುವುದನ್ನು ಯಾರೂ ಪ್ರಯಾಣ ಅಂದುಕೊಳ್ಳುವುದಿಲ್ಲ. ಅದಕ್ಕೇ ನಾನು ‘ಕಳೆದ ಎರಡು ವಾರ ರಾತ್ರಿ ಎಲ್ಲಿ ಮಲಗಿದ್ರಿ, ಹಗಲು ಎಲ್ಲಿ ಇದ್ರಿ?’ ಅಂತ ಬಿಡಿಸಿ ಕೇಳುತ್ತೇನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ಬೆಳಗ್ಗೆ ಬಿಸಿಲೇರುವ ಮುಂಚೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಅದರ ಕಾಟ ಜಾಸ್ತಿ. ಹಾಗಾಗಿ ಹಗಲಿನ ಜಾಗ ಗೊತ್ತಾಗಲೇಬೇಕು.

ತಾರೀಕಿಗೆ ಯಾಕೆ ಇಷ್ಟು ಒತ್ತು ಅಂದರೆ, ಸೊಳ್ಳೆ ಕಚ್ಚಿದ ಮೇಲೆ ಡೆಂಗಿ ಜ್ವರ ಶುರುವಾಗುವುದಕ್ಕೆ ಸಾಮಾನ್ಯವಾಗಿ 4ರಿಂದ 10 ದಿನ ಹಿಡಿಯುತ್ತದೆ. ಹೆಚ್ಚೆಂದರೆ 14. ಬಾಲಿಯಿಂದ ಬಂದು ಮೂರು ವಾರ ಆದ ಮೇಲೆ ಜ್ವರ ಶುರುವಾಯಿತು ಅಂದರೆ ಅದು ಬಾಲಿಯ ಡೆಂಗಿ ಆಗಿರಲಾರದು. ಇಲ್ಲೇ ಕಚ್ಚಿಸಿಕೊಂಡಿರಬಹುದು, ಇಲ್ಲವೇ ಬೇರೆ ರೋಗ ಇರಬೇಕು. ಮಲೇರಿಯಾ ಹಾಗಲ್ಲ. ಅದು ವಾರಗಳಾದ ಮೇಲೂ ಬರುತ್ತದೆ. ವೈವಾಕ್ಸ್ ಅನ್ನುವ ಜಾತಿಯಂತೂ ಲಿವರ್‌ನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಏಳುತ್ತದೆ.

ಈ ವಿಷಯದಲ್ಲಿ ನನ್ನದು ಒಂದೇ ಹಟ. ಹೊರಗಿಂದ ಬಂದವರಿಗೆ ಜ್ವರ ಇದ್ದರೆ ಡೆಂಗಿ ಟೆಸ್ಟಿನ ಜೊತೆ ಮಲೇರಿಯಾ ಟೆಸ್ಟೂ ಆಗಲೇಬೇಕು. ಡೆಂಗಿ ಪಾಸಿಟಿವ್ ಬಂದರೂ ಮಲೇರಿಯಾ ನೋಡದೆ ಬಿಡುವುದಿಲ್ಲ. ಮಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿ ಬಂದವರು, ಒಡಿಶಾ ಕಡೆ ಲಾರಿ ಓಡಿಸಿದವರು, ಆಫ್ರಿಕಾದಿಂದ ಬಂದವರು, ಯಾರೇ ಆಗಲಿ. ಎರಡೂ ರೋಗದಲ್ಲಿ ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿಯುತ್ತದೆ, ಎರಡರಲ್ಲೂ ಮೈಕೈ ನೋವು, ತಲೆನೋವು ಇರುತ್ತದೆ. ಫಾಲ್ಸಿಪಾರಂ ಅನ್ನುವ ಜಾತಿಯ ಮಲೇರಿಯಾಕ್ಕೆ ಔಷಧಿ ಇದೆ, ಆದರೆ ಅದು ತಡವಾದರೆ ಜೀವಕ್ಕೇ ಅಪಾಯ. ಒಂದು ಹನಿ ರಕ್ತದಲ್ಲಿ ತಿಳಿಯುವುದನ್ನು ಸುಮ್ನೆ ಯಾಕೆ ಬಿಡಬೇಕು?

ಇನ್ನು ಡೆಂಗಿಯ ಮುಖ. ಜ್ವರ ದಿಢೀರ್ ಅಂತ ಏರುತ್ತದೆ. ಮಧ್ಯಾಹ್ನ ಚೆನ್ನಾಗಿದ್ದವರು ಸಂಜೆಗೆ 103 ಡಿಗ್ರಿ. ಕಣ್ಣಿನ ಹಿಂದೆ ನೋವು, ಕಣ್ಣು ಆಡಿಸಿದರೆ ಇನ್ನೂ ಜಾಸ್ತಿ. ಸೊಂಟ, ಬೆನ್ನು, ಮೂಳೆ ಮೂಳೆ ನೋವು. ಬಾಯಿ ಕಹಿ, ಅನ್ನ ಕಂಡರೆ ವಾಕರಿಕೆ. ಮುಖ, ಕತ್ತು, ಎದೆ ಕೆಂಪೇರಿರುತ್ತದೆ. ನಮ್ಮ ಕಡೆ ಮೈಬಣ್ಣದ ಮೇಲೆ ಅದು ಅಷ್ಟಾಗಿ ಕಾಣುವುದಿಲ್ಲ. ಅಂಗೈಯನ್ನು ಅವರ ಬೆನ್ನಿನ ಮೇಲೆ ಒತ್ತಿಟ್ಟು ತೆಗೆದರೆ ಬೆರಳಿನ ಗುರುತು ಬಿಳಿಚಿಕೊಂಡು ಆಮೇಲೆ ಮಾಯವಾಗುತ್ತದೆ. ನಾನು ಹಾಗೇ ನೋಡುವುದು. ನೆಗಡಿ, ಮೂಗು ಸೋರುವುದು ಜೋರಾಗಿದ್ದರೆ ಬೇರೆ ಜ್ವರದ ಕಡೆ ಮನಸ್ಸು ಹೋಗುತ್ತದೆ.

ಬಿಪಿ ಪಟ್ಟಿಯಿಂದ ಮಾಡುವ ಒಂದು ಹಳೇ ಪರೀಕ್ಷೆ ಇದೆ. ಅದನ್ನು ನಾನು ಇವತ್ತಿಗೂ ಮಾಡುತ್ತೇನೆ. ಮೇಲಿನ ಬಿಪಿ, ಕೆಳಗಿನ ಬಿಪಿ ಎರಡರ ನಡುವಿನ ಒತ್ತಡಕ್ಕೆ ಪಟ್ಟಿ ಬಿಗಿದು ಐದು ನಿಮಿಷ ಬಿಡಬೇಕು. 120/80 ಇದ್ದರೆ 100ಕ್ಕೆ. ಬಿಚ್ಚಿದ ಮೇಲೆ ಮೊಣಕೈ ಕೆಳಗೆ ಒಂದು ಇಂಚು ಚೌಕದಲ್ಲಿ ಸಣ್ಣ ಕೆಂಪು ಚುಕ್ಕೆ 10 ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಪಾಸಿಟಿವ್. ಡೆಂಗಿಯೇ ಅಂತ ಇದೊಂದರಿಂದ ಹೇಳಲಾಗದು, ನೆಗೆಟಿವ್ ಬಂದರೆ ಡೆಂಗಿ ಇಲ್ಲ ಅಂತಲೂ ಅಲ್ಲ. ಆದರೆ ಲ್ಯಾಬ್ ಮುಚ್ಚಿದ ರಾತ್ರಿ ಹೊತ್ತಲ್ಲಿ ಬೆಲೆಬಾಳುವ ಸುಳಿವು. ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಇಳಿದಿರುವುದು ಇನ್ನೊಂದು ಸುಳಿವು. ಪ್ಲೇಟ್ಲೆಟ್ ಇಳಿಯುವ ಮುಂಚೆಯೇ ಅದು 4,000, 3,000ಕ್ಕೆ ಬಂದಿರುತ್ತದೆ. ಎಲ್ಲರೂ ರಿಪೋರ್ಟ್‌ನಲ್ಲಿ ಪ್ಲೇಟ್ಲೆಟ್ ಸಾಲನ್ನು ಮಾತ್ರ ನೋಡುತ್ತಾರೆ. ನಾನು ಮೊದಲೆರಡು ದಿನ ನೋಡುವುದು ಬಿಳಿ ಕಣದ ಸಾಲನ್ನು.

ಟೆಸ್ಟ್ ಯಾವುದು ಬರೆಯಬೇಕು ಅನ್ನುವುದೂ ಕ್ಯಾಲೆಂಡರ್ ಮೇಲೇ ನಿಂತಿದೆ. ವೈರಸ್ಸಿನದೇ ಪ್ರೋಟೀನ್ ಹಿಡಿಯುವ ಎನ್‌ಎಸ್1 ಜ್ವರದ ಮೊದಲ ದಿನದಿಂದ ಸುಮಾರು ಐದನೇ ದಿನದವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ರೋಗದ ವಿರುದ್ಧ ನಮ್ಮ ದೇಹ ತಯಾರಿಸುವ ಐಜಿಎಂ ಅನ್ನುವ ಪ್ರತಿಕಾಯ ಕಾಣಿಸಿಕೊಳ್ಳುವುದು ನಾಲ್ಕೈದನೇ ದಿನದಿಂದ. ಎರಡನೇ ದಿನ ಐಜಿಎಂ ಮಾತ್ರ ಮಾಡಿಸಿ ‘ನೆಗೆಟಿವ್, ಡೆಂಗಿ ಇಲ್ಲ’ ಅಂತ ಚೀಟಿ ಹಿಡಿದು ಬರುವವರನ್ನು ಪ್ರತಿ ಮಳೆಗಾಲ ನೋಡುತ್ತೇನೆ. ಆ ಚೀಟಿಗೆ ಅವತ್ತು ಬೆಲೆ ಇಲ್ಲ. ಹಿಂದೆ ಒಮ್ಮೆ ಡೆಂಗಿ ಆಗಿದ್ದವರಲ್ಲಿ ಎನ್‌ಎಸ್1 ಬೇಗ ಮಾಯವಾಗುವುದೂ ಉಂಟು. ಹಾಗಾಗಿ ಟೆಸ್ಟ್ ನೆಗೆಟಿವ್ ಬಂದರೂ ಲಕ್ಷಣ ಹೊಂದಿದರೆ ನಾನು ಡೆಂಗಿ ಅಂತಲೇ ನೋಡಿಕೊಳ್ಳುತ್ತೇನೆ. ದುಡ್ಡಿನ ಚಿಂತೆ ಇರುವವರಿಗೆ ಒಂದು ಮಾತು: 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಎನ್‌ಎಸ್1ಗೆ 300, ಐಜಿಎಂಗೆ 300 ರೂಪಾಯಿ ಅಂತ ದರ ಕಟ್ಟಿತು. ಸರ್ಕಾರಿ ಆಸ್ಪತ್ರೆಯಲ್ಲೂ ಈ ಪರೀಕ್ಷೆ ಆಗುತ್ತದೆ.

ನಮ್ಮ ಭಾಗದಲ್ಲಿ ಐಜಿಎಂ ಓದುವಾಗ ಇನ್ನೊಂದು ಎಚ್ಚರ ಬೇಕು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಗುವ ಮುಂಚೆ ಕೋಲಾರದ ಭಾಗ. ಕೋಲಾರ ಜಿಲ್ಲೆ ಹಿಂದಿನಿಂದಲೂ ಜಪಾನೀಸ್ ಮಿದುಳು ಜ್ವರ ಕಂಡ ನೆಲ. ಮಕ್ಕಳಿಗೆ ಅದರ ಲಸಿಕೆಯನ್ನೂ ಹಾಕುತ್ತಾರೆ. ಆ ವೈರಸ್, ಡೆಂಗಿ, ಝೀಕಾ ಎಲ್ಲ ಒಂದೇ ಕುಟುಂಬ. ಒಂದರ ಪ್ರತಿಕಾಯ ಇನ್ನೊಂದರ ಟೆಸ್ಟಿನಲ್ಲಿ ಪಾಸಿಟಿವ್ ತೋರಿಸಬಹುದು. ಜೊತೆಗೆ ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುತ್ತದೆ. ಹೋದ ತಿಂಗಳು ಬಂದು ಹೋದ ಡೆಂಗಿಯ ಗುರುತು ಇವತ್ತಿನ ಟೈಫಾಯ್ಡ್ ಜ್ವರವನ್ನು ಮುಚ್ಚಿಬಿಡಬಾರದು.

ಡೆಂಗಿ ತರಹವೇ ಕಾಣುವ ಬೇರೆ ಜ್ವರಗಳಲ್ಲಿ ಎರಡರ ಬಗ್ಗೆ ಸ್ವಲ್ಪ ಹೇಳಬೇಕು. ಚಿಕುನ್‌ಗುನ್ಯಾ ಜನಕ್ಕೇ ಗೊತ್ತು, ಕೀಲು ಹಿಡಿದು ಕೂರಲು ಏಳಲು ಆಗದಿದ್ದರೆ ಅವರೇ ಹೆಸರು ಹೇಳುತ್ತಾರೆ. ಇಲಿ ಜ್ವರಕ್ಕೆ ಕಣ್ಣು ಕೆಂಪು, ಮೀನಖಂಡ ನೋವು, ಗದ್ದೆ ಅಥವಾ ಪ್ರವಾಹದ ನೀರಲ್ಲಿ ಓಡಾಡಿದ ಕಥೆ.

ನಾನು ಹೇಳಬೇಕು ಅಂದ ಆ ಎರಡರಲ್ಲಿ ಮೊದಲನೆಯದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲು, ಹೊಲದ ಬದುಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಕಚ್ಚಿ ಬರುವಂಥದ್ದು. ಬೆಟ್ಟ ಹತ್ತಲು ಹೋಗಿ ಹುಲ್ಲಲ್ಲಿ ಮಲಗಿದ ಹುಡುಗರಲ್ಲೂ ನೋಡಿದ್ದೇನೆ. ಕಚ್ಚಿದ ಜಾಗದಲ್ಲಿ ಬೀಡಿ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇರುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆ ಸಂದು, ಸೊಂಟದ ದಾರದ ಕೆಳಗೆ, ಹೆಂಗಸರಲ್ಲಿ ಎದೆಯ ಕೆಳಗೆ ಹುಡುಕಬೇಕು. ನಮ್ಮ ಸಿಸ್ಟರ್ ಪರದೆ ಎಳೆದು ತಾಳ್ಮೆಯಿಂದ ನೋಡುತ್ತಾರೆ. ಹಕ್ಕಳೆ ಸಿಕ್ಕರೆ ಡಾಕ್ಸಿಸೈಕ್ಲಿನ್ ಶುರು, ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಇಷ್ಟು ಸುಲಭದ ಔಷಧಿ ಇರುವ ರೋಗವನ್ನು ‘ಡೆಂಗಿ ಇರಬೇಕು, ಕಾಯೋಣ’ ಅಂತ ಬಿಟ್ಟರೆ ತುಂಬಾ ಅನ್ಯಾಯ.

ಇನ್ನೊಂದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡಿದ್ದು, ಉಣ್ಣೆ ಅನ್ನುವ ರಕ್ತ ಹೀರುವ ಹುಳು ಕಚ್ಚಿ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಆಗ ನಮ್ಮಲ್ಲಿ ಮಳೆಯೂ ಇಲ್ಲ, ಸೊಳ್ಳೆಯೂ ಕಡಿಮೆ. ಆ ದಿನಗಳಲ್ಲಿ ಸಾಗರ, ತೀರ್ಥಹಳ್ಳಿ ಕಡೆ ಕಾಡಲ್ಲಿ ತಿರುಗಾಡಿ ಬಂದವರಿಗೆ ಜೋರು ಜ್ವರ, ಬಿಳಿ ಕಣ ಮತ್ತು ಪ್ಲೇಟ್ಲೆಟ್ ಎರಡೂ ಇಳಿದಿದ್ದು, ಡೆಂಗಿ ನೆಗೆಟಿವ್ ಅಂದರೆ ನಾನು ಕೂಡಲೇ ಜಿಲ್ಲಾ ಆರೋಗ್ಯ ಇಲಾಖೆಗೆ ಫೋನ್ ಮಾಡುತ್ತೇನೆ. ಮಂಗ ಸತ್ತಿದ್ದು ನೋಡಿದ್ರಾ ಅಂತ ಕೇಳುವುದನ್ನೂ ಮರೆಯುವುದಿಲ್ಲ.

ಈಗ ಮುಖ್ಯ ವಿಷಯ. ಡೆಂಗಿಯಲ್ಲಿ ಜ್ವರ ಇರುವಷ್ಟು ದಿನ ರೋಗಿ ನರಳುತ್ತಾನೆ, ಆದರೆ ಅಪಾಯ ಕಡಿಮೆ. ಅಪಾಯ ಬರುವುದು ಜ್ವರ ಬಿಟ್ಟಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತದೆ. ಅಲ್ಲಿಂದ 24ರಿಂದ 48 ಗಂಟೆ ನನ್ನ ಕಣ್ಣು ಅವರ ಮೇಲೇ. ಎಲ್ಲರಿಗೂ ಹೀಗಾಗುವುದಿಲ್ಲ. ಬಹಳ ಜನ ಮನೆಯಲ್ಲೇ ಇದ್ದು ವಾಸಿಯಾಗುತ್ತಾರೆ. ಆದರೆ ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಅದಕ್ಕೇ ಮೊದಲ ಭೇಟಿಯಲ್ಲೇ ಚೀಟಿಯ ಮೇಲೆ ದೊಡ್ಡದಾಗಿ ‘ಇವತ್ತು ಜ್ವರದ 2ನೇ ದಿನ’ ಅಂತ ಬರೆದು, ಮುಂದಿನ ದಿನಗಳ ತಾರೀಕನ್ನೂ ಬರೆದು, ‘ಜ್ವರ ಬಿಟ್ಟ ದಿನ ತಪ್ಪದೆ ಬನ್ನಿ’ ಅಂತ ಕೆಳಗೆ ಗೆರೆ ಎಳೆಯುತ್ತೇನೆ. ಜ್ವರ ಬಿಟ್ಟ ಮೇಲೆ ಆಸ್ಪತ್ರೆಗೆ ಯಾಕೆ ಬರಬೇಕು ಅಂತ ಮನೆಯವರಿಗೆ ಅನ್ನಿಸುವುದು ಸಹಜ. ಅದನ್ನು ಕೂರಿಸಿ ವಿವರಿಸಲು ಹತ್ತು ನಿಮಿಷ ಹೋದರೂ ಪರವಾಗಿಲ್ಲ.

ಆ ಹೊತ್ತಲ್ಲಿ ಒಳಗೆ ಆಗುವುದು ಇಷ್ಟು. ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನ ಅಂಶ ಹೊರಗೆ ಜಿನುಗುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ನೀರು ಇಳಿದು ಉಳಿದದ್ದು ಗಟ್ಟಿಯಾಗುತ್ತದಲ್ಲ, ಹಾಗೇ ನಾಳದೊಳಗಿನ ರಕ್ತ ಗಟ್ಟಿಯಾಗುತ್ತದೆ. ಇಳಿದ ನೀರು ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರುತ್ತದೆ. ನಾಳದಲ್ಲಿ ನೀರು ಕಡಿಮೆಯಾದರೆ ಬಿಪಿ ಕುಸಿಯುತ್ತದೆ. ಇದನ್ನೇ ವೈದ್ಯರು ಆಘಾತ (ಶಾಕ್) ಅನ್ನುವುದು. ಡೆಂಗಿಯಲ್ಲಿ ಸಾವು ಜಾಸ್ತಿ ಆಗುವುದು ಈ ಆಘಾತದಿಂದ. ದೊಡ್ಡ ರಕ್ತಸ್ರಾವವೂ ಬಹಳ ಸಲ ಆಘಾತ ತುಂಬಾ ಹೊತ್ತು ಉಳಿದುಬಿಟ್ಟಾಗಲೇ ಬರುವುದು.

ಬ್ಯಾಂಕಾಕ್ ಟೂರ್ ಮುಗಿಸಿ ಬಂದಿದ್ದ ಒಬ್ಬ ಹುಡುಗನ ಉದಾಹರಣೆ ಹೇಳುತ್ತೇನೆ. ಜ್ವರದ ಐದನೇ ದಿನ ಅಮ್ಮನ ಜೊತೆ ನಡೆದುಕೊಂಡೇ ಬಂದ. ‘ಇವತ್ತು ಬೆಳಗ್ಗೆಯಿಂದ ಜ್ವರ ಇಲ್ಲ ಡಾಕ್ಟ್ರೇ, ಸುಸ್ತು ಅಷ್ಟೇ’ ಅಂತ ಅಮ್ಮನ ಮುಖದಲ್ಲಿ ಸಮಾಧಾನ. ಹುಡುಗ ಮಾತಾಡುತ್ತಿದ್ದ, ಫೋನ್ ನೋಡುತ್ತಿದ್ದ. ಬೆಳಗ್ಗೆ ಎರಡು ಸಲ ವಾಂತಿ ಆಗಿದೆ, ಹೊಟ್ಟೆ ಮೇಲ್ಭಾಗ ನೋಯುತ್ತಿದೆ ಅಂತ ಕೇಳಿದ ಮೇಲೆ ಹೇಳಿದ. ಕೈ ಹಿಡಿದೆ. ಅಂಗೈ ತಣ್ಣಗೆ, ಒದ್ದೆ. ಉಗುರು ಒತ್ತಿ ಬಿಟ್ಟರೆ ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿಯಿತು. ನಾಡಿ 118. ಬಿಪಿ 102/84. ಮೇಲಿನ ಅಂಕಿ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಎರಡರ ವ್ಯತ್ಯಾಸ ನೋಡಿ, 18. ಸಾಮಾನ್ಯವಾಗಿ ಅದು 40ರ ಆಸುಪಾಸು ಇರುತ್ತದೆ. 20 ಅಥವಾ ಅದಕ್ಕಿಂತ ಕಡಿಮೆ ಅಂದರೆ ಆಘಾತ ಶುರುವಾಗಿದೆ ಅಂತ ಅರ್ಥ. ದೇಹ ನಾಳಗಳನ್ನು ಬಿಗಿಹಿಡಿದು ಮೇಲಿನ ಅಂಕಿ ಬೀಳದಂತೆ ತಡೆದಿರುತ್ತದೆ. ಆ ಹಿಡಿತ ಸಡಿಲಿದರೆ ಬಿಪಿ ಒಮ್ಮೆಲೇ ಬೀಳುತ್ತದೆ. ಎಳೆಯ ವಯಸ್ಸಿನವರಲ್ಲಿ ಪ್ರಜ್ಞೆ ಕೊನೆಯವರೆಗೂ ಚೆನ್ನಾಗೇ ಇರುತ್ತದೆ. ‘ಮಾತಾಡ್ತಿದ್ದಾನಲ್ಲ’ ಅನ್ನುವ ಧೈರ್ಯಕ್ಕೆ ಇಲ್ಲಿ ಜಾಗ ಇಲ್ಲ.

ಬೆರಳು ಚುಚ್ಚಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣದ ಪಾಲು ಎಷ್ಟು ಅಂತ ನೋಡಿದೆ. ಇದಕ್ಕೆ ನಮ್ಮಲ್ಲಿ ಒಂದು ಸಣ್ಣ ಯಂತ್ರ ಇದೆ. ತುಂಬಾ ಸಣ್ಣ ರಂಧ್ರದ ಗಾಜಿನ ಕೊಳವೆಗೆ ರಕ್ತ ತಾನೇ ಏರುತ್ತದೆ. ಮುಕ್ಕಾಲು ತುಂಬಿದ ಮೇಲೆ ತುದಿಗೆ ಜೇಡಿಮಣ್ಣಿನಂಥ ಮೇಣ ಒತ್ತಿ ಯಂತ್ರದಲ್ಲಿಟ್ಟು ಐದು ನಿಮಿಷ ತಿರುಗಿಸಬೇಕು. ಕೆಂಪು ಕಣ ಕೆಳಗೆ ಕೂತು, ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದೆ. ಅಳತೆ ಪಟ್ಟಿಯ ಮೇಲಿಟ್ಟು ಕೆಂಪು ಎಷ್ಟು ಶೇಕಡಾ ಅಂತ ಓದುವುದು. ಮೂರನೇ ದಿನ ಅವನದು 42 ಇತ್ತು. ಅವತ್ತು 51. ಮೊದಲಿದ್ದುದಕ್ಕಿಂತ ಶೇ 20ರಷ್ಟು ಏರಿದರೆ ನೀರು ಸೋರುತ್ತಿದೆ ಅಂತ ಖಚಿತ. ಇದು ತಿಳಿಯಬೇಕಾದರೆ ಮೊದಲ ದಿನಗಳ ಒಂದು ಅಂಕಿ ಕೈಯಲ್ಲಿರಬೇಕು. ಅದಕ್ಕೇ ಮೊದಲ ಭೇಟಿಯಲ್ಲೇ ಸಿಬಿಸಿ ಮಾಡಿಸಿಡುತ್ತೇನೆ, ಪ್ಲೇಟ್ಲೆಟ್ಟಿಗೋಸ್ಕರ ಅಲ್ಲ.

ಅವನ ತೂಕ 60 ಕೆಜಿ. ಕೆಜಿಗೆ 10 ಮಿಲಿಯಂತೆ ರಿಂಗರ್ ಲ್ಯಾಕ್ಟೇಟ್ ಅನ್ನುವ ಲವಣದ ದ್ರವ 600 ಮಿಲಿ ಒಂದು ಗಂಟೆಯಲ್ಲಿ ಡ್ರಿಪ್ ಹಾಕಿದೆ. ಜನ ಎಲ್ಲ ಡ್ರಿಪ್ಸನ್ನೂ ಗ್ಲೂಕೋಸ್ ಅನ್ನುತ್ತಾರೆ. ಆದರೆ ಇಲ್ಲಿ ಸಾದಾ ಗ್ಲೂಕೋಸ್ ನೀರು ಉಪಯೋಗಕ್ಕೆ ಬರುವುದಿಲ್ಲ, ನಾಳದಲ್ಲಿ ನಿಲ್ಲುವುದಿಲ್ಲ. ರಿಂಗರ್ ಲ್ಯಾಕ್ಟೇಟ್ ಅಥವಾ ನಾರ್ಮಲ್ ಸಲೈನ್ ಬೇಕು. ಗಂಟೆಯಾದ ಮೇಲೆ ಮತ್ತೆ ಕೈ ಮುಟ್ಟಿ ನೋಡಿದೆ. ಬೆಚ್ಚಗಾಗಿತ್ತು. ಬಿಪಿ ವ್ಯತ್ಯಾಸ 30 ದಾಟಿತ್ತು, ನಾಡಿ ಇಳಿದಿತ್ತು. ಆಮೇಲೆ ಗಂಟೆಗೆ ಕೆಜಿಗೆ 5ರಿಂದ 7 ಮಿಲಿ ಒಂದೆರಡು ಗಂಟೆ, ನಂತರ 3ರಿಂದ 5, ನಂತರ 2ರಿಂದ 3. ಪ್ರತಿ ಹೆಜ್ಜೆಯಲ್ಲೂ ಹೆಮಟೋಕ್ರಿಟ್, ಬಿಪಿ, ಮೂತ್ರದ ಅಳತೆ. ಗಂಟೆಗೆ ಕೆಜಿಗೆ ಅರ್ಧ ಮಿಲಿ ಮೂತ್ರ ಬಂದರೆ ಸಾಕು, ಅದಕ್ಕಿಂತ ಜಾಸ್ತಿ ನೀರು ತುಂಬುವ ಆಸೆ ಬೇಡ. ಬಿಪಿ ಸುಧಾರಿಸದೆ ಹೆಮಟೋಕ್ರಿಟ್ ಮಾತ್ರ ಇಳಿದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ ಅಂತ. ಅಂಥವರಿಗೆ ಬೇಕಾದ್ದು ರಕ್ತ. ಹಾಗಾದಾಗ, ಅಥವಾ ಎರಡನೇ ಸಲದ ಡ್ರಿಪ್ಪಿಗೂ ಕೈ ಬೆಚ್ಚಗಾಗದಿದ್ದಾಗ, ಉಸಿರಾಟ ಕಷ್ಟವಾದಾಗ ನಾನು ಇಲ್ಲಿ ಇಟ್ಟುಕೊಳ್ಳುವುದಿಲ್ಲ. ಡ್ರಿಪ್ ನಿಲ್ಲಿಸದೆ 108ರಲ್ಲಿ ಐಸಿಯು ಇರುವ ಕಡೆ ಕಳಿಸುತ್ತೇನೆ. ಜೊತೆಗೆ ಯಾವ ಗಂಟೆಗೆ ಎಷ್ಟು ಹೆಮಟೋಕ್ರಿಟ್, ಎಷ್ಟು ನೀರು ಹೋಗಿದೆ ಅನ್ನುವ ಹಾಳೆ. ಆ ಹಾಳೆ ಇಲ್ಲದೆ ಕಳಿಸಿದರೆ ಮುಂದಿನವರು ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ.

ಆ ಹುಡುಗ ಇಲ್ಲೇ ಚೇತರಿಸಿಕೊಂಡ. ಅವನ ಪ್ಲೇಟ್ಲೆಟ್ 22,000ಕ್ಕೆ ಇಳಿದಿತ್ತು. ಮನೆಯವರೆಲ್ಲ ‘ಬೆಂಗಳೂರಿಂದ ಪ್ಲೇಟ್ಲೆಟ್ ತರಿಸೋಣ, ದಾನಿಗಳು ರೆಡಿ ಇದ್ದಾರೆ’ ಅಂತ ನಿಂತಿದ್ದರು. ಬೇಡ ಅಂದೆ, ಯಾಕೆ ಅಂತಲೂ ಹೇಳಿದೆ. ರಕ್ತಸ್ರಾವ ಇಲ್ಲದವರಿಗೆ ಸುಮ್ನೆ ಅಂಕಿ ನೋಡಿ ಪ್ಲೇಟ್ಲೆಟ್ ಕೊಟ್ಟರೆ ಲಾಭ ಇಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಂಗಾಪುರ, ಮಲೇಷ್ಯಾದ ಆಸ್ಪತ್ರೆಗಳಲ್ಲಿ 20,000 ಮತ್ತು ಅದಕ್ಕಿಂತ ಕಡಿಮೆ ಇದ್ದ ದೊಡ್ಡವರಲ್ಲಿ ಇದನ್ನು ಹೋಲಿಸಿ ನೋಡಿದ್ದರು. ಪ್ಲೇಟ್ಲೆಟ್ ಕೊಟ್ಟವರಲ್ಲಿ ರಕ್ತಸ್ರಾವವೇನೂ ಕಡಿಮೆಯಾಗಲಿಲ್ಲ, ಅಲರ್ಜಿಯಂಥ ತೊಂದರೆ ಮಾತ್ರ ಜಾಸ್ತಿಯಾಯಿತು. ನಮ್ಮ ದೇಶದ ಮಾರ್ಗಸೂಚಿಯೂ ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಇಳಿದಾಗ ಮಾತ್ರ ಯೋಚಿಸಿ ಅನ್ನುತ್ತದೆ. ಪ್ಲೇಟ್ಲೆಟ್ ತಾನಾಗೇ ಏರುತ್ತದೆ. ಏರಲು ಶುರುವಾದರೆ ಎರಡು ಮೂರು ದಿನದಲ್ಲಿ ಲಕ್ಷ ಮುಟ್ಟುತ್ತದೆ. ಪರಂಗಿ ಎಲೆ ರಸ, ಕಿವಿ ಹಣ್ಣು, ಮೇಕೆ ಹಾಲು ಕುಡಿದವರಿಗೂ ಏರುತ್ತದೆ, ಕುಡಿಯದವರಿಗೂ ಏರುತ್ತದೆ. ಪರಂಗಿ ಎಲೆ ರಸದ ಕಹಿಗೆ ವಾಂತಿಯಾದರೆ ಹೊಟ್ಟೆಗೆ ಹೋದ ನೀರೂ ಹೊರಬರುತ್ತದೆ. ಬಡವರು ಒಂದು ಕಿವಿ ಹಣ್ಣಿಗೆ ಕೊಡುವ ದುಡ್ಡಲ್ಲಿ ಎಳನೀರು ಕುಡಿಯಲಿ ಅಂತ ನನ್ನ ಆಸೆ.

ಮನೆಯಲ್ಲಿ ಇರಬಹುದಾದವರಿಗೆ ಚಿಕಿತ್ಸೆ ಸರಳ. ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಅಥವಾ 650, ಆರು ಗಂಟೆಗೊಮ್ಮೆ, ಅದಕ್ಕಿಂತ ಬೇಗ ಬೇಡ. ಮಕ್ಕಳಿಗೆ ತೂಕ ನೋಡಿ ಕೊಡಬೇಕು. ಮಾತ್ರೆ ಕೊಟ್ಟರೂ ಜ್ವರ ಪೂರ್ತಿ ಇಳಿಯದಿದ್ದರೆ ಹೆದರಿ ಇನ್ನೊಂದು ನುಂಗಬಾರದು, ಡೆಂಗಿಯಲ್ಲಿ ಲಿವರ್ ಮೊದಲೇ ಸೋತಿರುತ್ತದೆ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಬೇಡವೇ ಬೇಡ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ಳುವವರು ಡಾಕ್ಟರನ್ನು ಕೇಳಿ ಮುಂದುವರಿಸುವುದೋ ನಿಲ್ಲಿಸುವುದೋ ತೀರ್ಮಾನಿಸಬೇಕು. ಜ್ವರ ಬಂದ ಕೂಡಲೇ ಸೊಂಟಕ್ಕೊಂದು ಇಂಜೆಕ್ಷನ್ ಹಾಕಿಸಿಕೊಳ್ಳುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಪ್ಲೇಟ್ಲೆಟ್ ಇಳಿದಿರುವಾಗ ಮಾಂಸಖಂಡಕ್ಕೆ ಚುಚ್ಚಿದರೆ ಒಳಗೆ ರಕ್ತ ಗಡ್ಡೆ ಕಟ್ಟುತ್ತದೆ. ಆಂಟಿಬಯೋಟಿಕ್, ಸ್ಟೀರಾಯ್ಡ್ ಡೆಂಗಿಗೆ ಕೆಲಸ ಮಾಡುವುದಿಲ್ಲ.

ಬೇಕಾದ್ದು ನೀರು. ಬರೀ ನೀರಲ್ಲ, ಉಪ್ಪು ಸಕ್ಕರೆ ಇರುವಂಥದ್ದು. ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ, ರಾಗಿ ಗಂಜಿ, ಎಳನೀರು, ಬೇಳೆಕಟ್ಟಿನ ತಿಳಿ. ದೊಡ್ಡವರಿಗೆ ದಿನಕ್ಕೆ ಎರಡೂವರೆ ಲೀಟರ್ ಆಸುಪಾಸು, ಒಂದೇ ಸಲ ಅಲ್ಲ, ಗುಟುಕು ಗುಟುಕಾಗಿ. ಆರು ಗಂಟೆಗೊಮ್ಮೆಯಾದರೂ ಮೂತ್ರ ಆಗುತ್ತಿದೆಯಾ ಅಂತ ಮನೆಯವರು ಗಮನಿಸಬೇಕು. ದ್ರಾಕ್ಷಿ, ದಾಳಿಂಬೆ ನಮ್ಮ ಜಿಲ್ಲೆಯಲ್ಲೇ ಬೆಳೆಯುತ್ತವೆ, ಕರಿದ್ರಾಕ್ಷಿ ರಸ, ಬೀಟ್‌ರೂಟ್ ರಸ ಕೊಡುವವರು ಜಾಸ್ತಿ. ಈ ಒಂದು ವಾರ ಕೆಂಪು, ಕಪ್ಪು ಬಣ್ಣದ ರಸ ಬೇಡ ಅಂತೀನಿ. ವಾಂತಿಯಲ್ಲಿ ಕೆಂಪು ಕಂಡರೆ ಅದು ರಸವೋ ರಕ್ತವೋ ಗೊತ್ತಾಗುವುದಿಲ್ಲ.

ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಮಲ ಕಪ್ಪಾಗುವುದು, ಮುಟ್ಟು ಅಕಾಲದಲ್ಲಿ ಅಥವಾ ಜೋರಾಗಿ ಬರುವುದು, ಎದ್ದು ನಿಂತರೆ ಕಣ್ಣು ಕತ್ತಲೆ, ತೀರಾ ಮಂಕು ಅಥವಾ ಚಡಪಡಿಕೆ, ಕೈಕಾಲು ತಣ್ಣಗಾಗುವುದು. ಇದರಲ್ಲಿ ಒಂದು ಕಂಡರೂ ರಾತ್ರಿಯಾದರೂ ಹೊರಡಬೇಕು. ಗರ್ಭಿಣಿಯರು, ಕೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರನ್ನು ಇವೇನೂ ಇಲ್ಲದಿದ್ದರೂ ನಾನು ದಾಖಲು ಮಾಡಿಕೊಳ್ಳುತ್ತೇನೆ. ಬಾಗೇಪಲ್ಲಿ, ಗುಡಿಬಂಡೆ ಕಡೆ ಸಂಜೆ ಮೇಲೆ ಬಸ್ಸಿಲ್ಲದ ಹಳ್ಳಿಯವರು, ಮನೆಯಲ್ಲಿ ಒಬ್ಬರೇ ಇರುವವರು ಅಂದರೂ ಅಷ್ಟೇ. ದೂರವೂ ಒಂದು ಅಪಾಯವೇ.

ಚೇತರಿಸಿಕೊಳ್ಳುವಾಗ ಇನ್ನೊಂದು ತಿರುವು ಬರುತ್ತದೆ. ಸೋರಿದ ನೀರು ನಾಳಕ್ಕೆ ಮರಳುವ ಹೊತ್ತು ಅದು. ಆಗಲೂ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಹಸಿವಾಗಿದೆ, ಮೂತ್ರ ಧಾರಾಳ ಆಗುತ್ತಿದೆ, ನಾಡಿ ನಿಧಾನವಾಗಿದೆ ಅಂದರೆ ಡ್ರಿಪ್ ತೆಗೆಯುವ ಸಮಯ. ‘ಇನ್ನೊಂದು ಬಾಟಲ್ ಹಾಕಿ, ಶಕ್ತಿ ಬರಲಿ’ ಅಂತ ಮನೆಯವರು ಪ್ರೀತಿಯಿಂದ ಕೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಅಂಗೈ ಅಂಗಾಲು ತುರಿಕೆ, ಕೆಂಪು ಗಂಧೆಯ ನಡುವೆ ಬಿಳಿ ಚುಕ್ಕೆಗಳು ಕಂಡರೆ ಹೆದರಬೇಡಿ, ಅದು ವಾಸಿಯಾಗುತ್ತಿರುವ ಗುರುತು. ಮಾತ್ರೆ ಇಲ್ಲದೆ 48 ಗಂಟೆ ಜ್ವರ ಇಲ್ಲದಿದ್ದರೆ, ಊಟ ಸೇರುತ್ತಿದ್ದರೆ, ಪ್ಲೇಟ್ಲೆಟ್ ಏರುತ್ತಿದ್ದರೆ ಮನೆಗೆ ಕಳಿಸುತ್ತೇನೆ. ಸುಸ್ತು ಮಾತ್ರ ವಾರಗಟ್ಟಲೆ ಇರುತ್ತದೆ.

ರೋಗಿ ಮನೆಗೆ ಬಂದ ದಿನದಿಂದ ಊರಿನ ಲೆಕ್ಕವೂ ಶುರು. ಜ್ವರದ ಮೊದಲ ಐದಾರು ದಿನ ಅವರ ರಕ್ತದಲ್ಲಿ ವೈರಸ್ ಓಡಾಡುತ್ತಿರುತ್ತದೆ. ಆಗ ಕಚ್ಚಿದ ಈಡಿಸ್ ಸೊಳ್ಳೆ ಮುಂದೆ ಪಕ್ಕದ ಮನೆಯವರಿಗೆ ಹರಡುತ್ತದೆ. ಅದಕ್ಕೆ ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿ ಅಂತ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ನೀರಿಗೆ ಬರ. ನಲ್ಲಿ ಬಂದಾಗ, ಟ್ಯಾಂಕರ್ ಬಂದಾಗ ಡ್ರಮ್ಮು, ತೊಟ್ಟಿ, ಸಂಪು ಎಲ್ಲ ತುಂಬಿಸಿಡಲೇಬೇಕು. ನೀರು ಚೆಲ್ಲಿ ಅಂತ ಇಲ್ಲಿ ಯಾರಿಗೂ ಹೇಳಲು ಬಾಯಿ ಬರುವುದಿಲ್ಲ. ಬಟ್ಟೆ ಕಟ್ಟಿ ಮುಚ್ಚಿ, ವಾರಕ್ಕೊಂದು ಸಲ ಖಾಲಿಯಾದಾಗ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ಅಂತೀನಿ. ಸೊಳ್ಳೆ ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಪಾಸಿಟಿವ್ ಬಂದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದೆ. ಆಶಾ ಕಾರ್ಯಕರ್ತೆಯರು ಬಂದು ಡ್ರಮ್ಮು ಇಣುಕಿ ನೋಡಿದರೆ ಬೇಸರ ಮಾಡಿಕೊಳ್ಳಬೇಡಿ, ಅವರ ಕೆಲಸದಿಂದ ನನ್ನ ಹಾಸಿಗೆಗಳು ಖಾಲಿ ಇರುತ್ತವೆ.

2023ರಲ್ಲಿ ನಮ್ಮದೇ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತು. ಸುತ್ತಲ ಹಳ್ಳಿಗಳಲ್ಲಿ ಜ್ವರ ಇದ್ದವರು, ಗರ್ಭಿಣಿಯರನ್ನು ಪರೀಕ್ಷೆ ಮಾಡಿದರು. ಝೀಕಾ ಹರಡುವುದೂ ಇದೇ ಈಡಿಸ್ ಸೊಳ್ಳೆ. ಜ್ವರ ಸಣ್ಣದು, ಗಂಧೆ, ಕಣ್ಣು ಕೆಂಪು, ಆದರೆ ಹೊಟ್ಟೆಯೊಳಗಿನ ಮಗುವಿನ ಮಿದುಳಿಗೆ ಹಾನಿ. ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಹಾಗಾಗಿ ಝೀಕಾ ಇರುವ ದೇಶಕ್ಕೆ ಹೋಗಿ ಬಂದ ಗಂಡಸರಿಗೆ ಮೂರು ತಿಂಗಳು ಕಾಂಡೋಮ್ ಬಳಸಿ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹೆಂಡತಿ ಬಸುರಿಯಾಗಿದ್ದರೆ ಹೆರಿಗೆಯಾಗುವವರೆಗೆ.

ವಾಸಿಯಾದವರಲ್ಲಿ ಸುಮಾರು ಜನ ಮತ್ತೆ ಅದೇ ಕೆಲಸಕ್ಕೆ, ಅದೇ ಊರಿಗೆ ಹೊರಡುತ್ತಾರೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಅದೊಂದರಿಂದ ರಕ್ಷಣೆ, ಉಳಿದ ಮೂರರಿಂದ ಇಲ್ಲ. ಎರಡನೇ ಸಲ ಬೇರೆ ಬಗೆಯದು ತಗುಲಿದರೆ ಮೊದಲಿಗಿಂತ ಜೋರಾಗುವ ಸಾಧ್ಯತೆ ಜಾಸ್ತಿ. ಅವರಿಗೆ ನಾನು ಹೇಳುವುದು ಇಷ್ಟು: ಈ ಸಲದ ರಿಪೋರ್ಟಿನ ಫೋಟೋ ಫೋನ್‌ನಲ್ಲಿ ಇಟ್ಕೊಳ್ಳಿ. ಚೆನ್ನಾಗಿದ್ದಾಗಿನ ಹೆಮಟೋಕ್ರಿಟ್ ಎಷ್ಟು ಅಂತ ಬರೆದುಕೊಳ್ಳಿ. ಹೊರಗೆ ಹೋದಾಗ ಹಗಲಲ್ಲೂ ತುಂಬು ತೋಳಿನ ಬಟ್ಟೆ ಹಾಕಿ, ಸೊಳ್ಳೆ ಮುಲಾಮು ಹಚ್ಚಿ. ಮುಂದೆ ಯಾವ ಊರಲ್ಲಿ ಜ್ವರ ಬಂದರೂ ಅಲ್ಲಿನ ಡಾಕ್ಟರಿಗೆ ಮೊದಲ ಮಾತಿನಲ್ಲೇ ‘ನನಗೆ ಹಿಂದೆ ಒಮ್ಮೆ ಡೆಂಗಿ ಆಗಿತ್ತು’ ಅಂತ ಹೇಳಿ.